ಹರ್ಡಲ್ಸ್ ದಾಟಿ ಬಂದವನಂತೆ!

ಇಂಗ್ಲಿಷಿನ ಒಂದು ಶಬ್ದದ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಹರ್ಡಲ್ ಅನ್ನುವ ಶಬ್ದ. ಲಿಂಕ್ಡ್‌ಇನ್ ತೆರೆದರೆ ದಿನಕ್ಕೆ ನಾಲ್ಕು ಕಡೆಯಾದರೂ ಕಣ್ಣಿಗೆ ಬೀಳುತ್ತದೆ. ಹಳ್ಳಿಯಲ್ಲಿ ಹುಟ್ಟಿದ, ಕನ್ನಡ ಮೀಡಿಯಮ್ಮಿನಲ್ಲಿ ಓದಿದ, ಬೀದಿ ದೀಪದ ಕೆಳಗೆ ಕೂತ, ಹಲವು ಹರ್ಡಲ್ಸ್ ದಾಟಿದ, ಈಗ ಇಂಥ ಕಂಪನಿಯಲ್ಲಿ ಇಂಥ ಹುದ್ದೆ. ಕೆಳಗೆ ಚಪ್ಪಾಳೆಯ ಚಿತ್ರಗಳ ಸಾಲು. ಕನ್ನಡ ಪೇಪರುಗಳಿಗೂ ಈ ಚಾಳಿ ಹತ್ತಿದೆ. ರಿಸಲ್ಟ್ ಬಂದ ಮರುದಿನ ಒಂದು ತಗಡಿನ ಮನೆಯ ಫೋಟೊ, ಮಗನ ಬಾಯಿಗೆ ಪೇಢೆ ಇಡುತ್ತಿರುವ ತಾಯಿಯ ಫೋಟೊ, ಮೇಲೆ ಅಡೆತಡೆ ಮೆಟ್ಟಿ ನಿಂತವನ ಬಗ್ಗೆ ಒಂದು ತಲೆಬರಹ. ಶಬ್ದ ಕನ್ನಡದ್ದಾದರೂ ಅದರೊಳಗೆ ಕೂತಿರುವುದು ಹರ್ಡಲ್ಲೇ.

ನಾನು ಚಿತ್ತಾಪುರ ತಾಲ್ಲೂಕಿನವನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಊರುಗಳ ಬಸ್‌ಸ್ಟ್ಯಾಂಡು, ಸ್ಟೇಷನ್ನುಗಳಲ್ಲಿ ಕಾದು ಕಾದು ದೊಡ್ಡವನಾದವನು. ಹಾಗಾಗಿ ಈ ಶಬ್ದ ನನ್ನಂಥವರ ಬೆನ್ನಿಗೆ ಸ್ವಲ್ಪ ಹೆಚ್ಚೇ ಅಂಟುತ್ತದೆ. ಅದು ತಪ್ಪು ಶಬ್ದ ಅನ್ನುವುದು ನನ್ನ ತಕರಾರು. ತಪ್ಪಾಗಿದ್ದರೂ ಕೆಲವರಿಗೆ ಬಹಳ ಅನುಕೂಲವಾಗಿರುವ ಶಬ್ದ.

ಮೊದಲು ಅದರ ಜಾತಕ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಹರ್ಡಲ್ ಅಂದರೆ ಕಡ್ಡಿ ಹೆಣೆದು ಮಾಡಿದ ತಡಿಕೆ. ಕುರಿ ಕೂಡಿಹಾಕುವುದಕ್ಕೆ ಸುತ್ತ ನಿಲ್ಲಿಸುತ್ತಾರಲ್ಲ, ಅಂಥದ್ದು. ಆಮೇಲೆ ಇಂಗ್ಲೆಂಡಿನ ಹುಡುಗರು ಪಂದ್ಯಕ್ಕೆಂದು ಅದನ್ನು ಹಾರತೊಡಗಿದರು, ಶಬ್ದ ಕುರಿಹಟ್ಟಿಯಿಂದ ಮೈದಾನಕ್ಕೆ ಬಂತು. ಈಗ ನಮ್ಮ ತಲೆಯಲ್ಲಿರುವುದು ಮೈದಾನದ ಹರ್ಡಲ್. ಗಂಡಸರ 110 ಮೀಟರ್ ಓಟದಲ್ಲಿ ಒಂದೊಂದು ಲೇನಿಗೆ 10 ಹರ್ಡಲ್, ಒಂದೊಂದರ ಎತ್ತರ 1.067 ಮೀಟರ್. ಎಲ್ಲ ಲೇನಿಗೂ ಅಷ್ಟೇ ಸಂಖ್ಯೆ, ಅಷ್ಟೇ ಎತ್ತರ, ಅಷ್ಟೇ ಅಂತರ. ಕಾಲು ತಾಗಿದರೆ ಮುಂದಕ್ಕೆ ಉರುಳುವ ಹಾಗೆ ಅದರ ಪಾದ ಇಟ್ಟಿರುತ್ತಾರೆ, ಓಡುವವನಿಗೆ ಪೆಟ್ಟಾಗಬಾರದು ಅಂತ. ಬೇಕೆಂದೇ ಕೆಡವಿದ್ದಲ್ಲದಿದ್ದರೆ ಬಿದ್ದರೂ ಓಟ ಲೆಕ್ಕಕ್ಕಿದೆ. ಎಲ್ಲಾ ಮುಗಿದ ಮೇಲೆ ಮೈದಾನದವರು ಬಂದು ಎತ್ತಿಕೊಂಡು ಹೋಗುತ್ತಾರೆ.

ಈಗ ಹೇಳಿ, ಮಳಖೇಡದ ಹತ್ತಿರ ಕಾಗಿಣಾ ನದಿ ತುಂಬಿ ಸೇತುವೆ ಮೇಲೆ ನೀರು ಬಂದರೆ ಅದು ಇದರಲ್ಲಿ ಯಾವ ಲಕ್ಷಣಕ್ಕೆ ಹೊಂದುತ್ತದೆ? ಕಲಬುರಗಿ-ಸೇಡಂ ರಸ್ತೆ ಅಲ್ಲಿಗೆ ಬಂದ್. ಕೆಳಗಡೆ ದಂಡೋತಿಯ ಸೇತುವೆ ಮುಳುಗಿದರೆ ಚಿತ್ತಾಪುರದವರು ಎಲ್ಲೆಲ್ಲೋ ಸುತ್ತುಹಾಕಬೇಕು. 2020ರ ಅಕ್ಟೋಬರಿನ ನೆರೆಯಲ್ಲಂತೂ ನದಿ ದಂಡೆಯ ಊರುಗಳೊಳಗೇ ನೀರು ನುಗ್ಗಿತ್ತು. ನಾವು ಸಣ್ಣವರಿದ್ದಾಗ ಅಷ್ಟು ದೊಡ್ಡ ನೆರೆಯೇನೂ ಬೇಕಿರಲಿಲ್ಲ. ಮೇಲೆ ಚಿಂಚೋಳಿ ಕಡೆ ಒಂದು ರಾತ್ರಿ ಜೋರು ಮಳೆಯಾದರೆ ಸಾಕು, ಬೆಳಿಗ್ಗೆ ಕಟ್ಟೆ ಮೇಲೆ ಕೂತ ಮುತ್ಯಾ ಒಬ್ಬರು ಹೇಳಿಬಿಡುತ್ತಿದ್ದರು, "ಕಾಗಿಣಾ ಬಂದದ, ಇವತ್ತ ಸಾಲಿಗಿ ಹೋಗಬ್ಯಾಡ್ರಿ." ಬೆಂಗಳೂರಿನ ಜಯನಗರದ ಹುಡುಗನ ಲೇನಿನಲ್ಲಿ ಈ ಹರ್ಡಲ್ ಇಲ್ಲ. ನನ್ನ ಲೇನಿನಲ್ಲಿದ್ದದ್ದು ಕಾಲು ತಾಗಿದರೆ ಉರುಳುವಂಥದ್ದೂ ಅಲ್ಲ. ಹಾರಲು ಹೋದವರು ಕೊಚ್ಚಿಹೋಗುತ್ತಾರೆ.

ಮಳಖೇಡ ಅಂದರೆ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಕನ್ನಡಕ್ಕೆ ಮಾರ್ಗ ಹೇಳಿಕೊಟ್ಟ ಊರಿಗೆ ಮಳೆಗಾಲದಲ್ಲಿ ಮಾರ್ಗವೇ ಇರುವುದಿಲ್ಲ ಅನ್ನುವುದು ನಮ್ಮ ಕಡೆಯ ಮೇಷ್ಟ್ರುಗಳ ಹಳೇ ಜೋಕು. ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಸೇಡಂ, ಮಳಖೇಡ, ವಾಡಿ, ಈ ಪಟ್ಟಿಯಲ್ಲಿ ನೆಲದ ತುಂಬ ಸುಣ್ಣದಕಲ್ಲು. ಸಾಲುಸಾಲು ಸಿಮೆಂಟ್ ಫ್ಯಾಕ್ಟರಿ. ಶಹಾಬಾದಿನ ಫರಸಿ ಕಲ್ಲು ಹಾಸದ ಹಳೇ ಮನೆ ನಮ್ಮ ಸೀಮೆಯಲ್ಲೇ ಏಕೆ, ಪಕ್ಕದ ಮಹಾರಾಷ್ಟ್ರದಲ್ಲೂ ಹುಡುಕಬೇಕು. ಊರೂರಿನ ಫ್ಲೈಓವರಿಗೆ ಸಿಮೆಂಟು ಕಳಿಸುವ ತಾಲ್ಲೂಕಿನ ಮಕ್ಕಳು ಸೇತುವೆ ಮೇಲಿನ ನೀರು ಇಳಿಯಲಿ ಅಂತ ದಂಡೆಯಲ್ಲಿ ನಿಲ್ಲುತ್ತಾರೆ. ಅದಕ್ಕೆ ನಾವು ಇಟ್ಟ ಹೆಸರು ಹರ್ಡಲ್.

ನನ್ನ ಕಸುಬಿನಲ್ಲಿ ಈ ಶಬ್ದಕ್ಕೆ ಜಾಗವೇ ಇಲ್ಲ, ಗಮನಿಸಿದ್ದೀರಾ? ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡ್‌ಅಪ್. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಬ್ಲಾಕರ್ಸ್ ಏನಾದರೂ ಇವೆಯಾ? (ಸ್ಕ್ರಮ್ ಗೈಡಿನವರು ಈ ಮೂರು ಪ್ರಶ್ನೆಗಳನ್ನು 2020ರಲ್ಲೇ ಕೈಬಿಟ್ಟರು. ನಮ್ಮ ಮ್ಯಾನೇಜರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.) ಆ ಮೂರನೇ ಪ್ರಶ್ನೆ ಎಷ್ಟು ಮರ್ಯಾದೆಯದ್ದು ನೋಡಿ. ನನಗೆ ಡೇಟಾಬೇಸಿನ ಆಕ್ಸೆಸ್ ಸಿಕ್ಕಿಲ್ಲ ಅಂತ ನಾನು ಹೇಳಿದರೆ, ಹಾರಿ ದಾಟಪ್ಪ, ಛಲ ಇರಬೇಕು ಅಂತ ಯಾರೂ ಅನ್ನುವುದಿಲ್ಲ. ತಕ್ಷಣ ಟಿಕೆಟ್ ಏಳುತ್ತದೆ. ಅದಕ್ಕೊಬ್ಬ ಹೊಣೆಗಾರನ ಹೆಸರು ಬೀಳುತ್ತದೆ, ತಾರೀಕು ಬೀಳುತ್ತದೆ. ಎರಡು ದಿನ ಅಲುಗಾಡದಿದ್ದರೆ ಎಸ್ಕಲೇಟ್. ಹಳೇ ಜಿರಾದಲ್ಲಿ ಆದ್ಯತೆಯ ಪಟ್ಟಿಯ ತುತ್ತತುದಿಯಲ್ಲಿ ಇದ್ದದ್ದೇ ಬ್ಲಾಕರ್, ಕ್ರಿಟಿಕಲ್ ಅದರ ಕೆಳಗೆ. ಸ್ಕ್ರಮ್ ಮಾಸ್ಟರ್ ಅನ್ನುವವನ ಸಂಬಳಕ್ಕೆ ಇರುವ ಕಾರಣಗಳಲ್ಲಿ ಒಂದು, ಅಂಥ ಅಡ್ಡಿಗಳು ತೊಲಗುವಂತೆ ನೋಡಿಕೊಳ್ಳುವುದು. ಅಲ್ಲಿ ಬಳಸುವ ಇಂಪೆಡಿಮೆಂಟ್ ಅನ್ನುವ ಶಬ್ದದ ಲ್ಯಾಟಿನ್ ಬೇರಿನಲ್ಲಿ ಪಾದ ಇದೆ, ಕಾಲಿಗೆ ತೊಡರಿಕೊಂಡದ್ದು ಅಂತ ಅರ್ಥ. ತೊಡರು ಬಿಡಿಸಬೇಕಾದದ್ದೇ ಹೊರತು ಅದರ ಸಮೇತ ಓಡಿ ಮೆಡಲ್ ತರಬೇಕಾದದ್ದಲ್ಲ.

ಎಸಿ ರೂಮಿನಲ್ಲಿ ಕೂತ, ತಿಂಗಳಿಗೆ ಲಕ್ಷ ಎಣಿಸುವ ಇಂಜಿನಿಯರಿನ ದಾರಿಗೆ ಅಡ್ಡ ಬಂದರೆ ಅದು ಬ್ಲಾಕರ್. ಚಿಂಚೋಳಿಯ ತಾಂಡಾದ ಹುಡುಗಿಯ ದಾರಿಗೆ ಅಡ್ಡ ಬಂದರೆ ಹರ್ಡಲ್. ಮೊದಲನೆಯದಕ್ಕೆ ಹೊಣೆಗಾರನಿದ್ದಾನೆ. ಎರಡನೆಯದಕ್ಕೆ ಪ್ರೇಕ್ಷಕರಿದ್ದಾರೆ. ನಾನು ಅನುಕೂಲ ಅಂದೆನಲ್ಲ, ಇದೇ ಆ ಅನುಕೂಲ. ಹರ್ಡಲ್ ಅಂದ ಕೂಡಲೇ ಕೆಲಸ ಹಾರುವವನ ಪಾಲಾಯಿತು, ಉಳಿದವರಿಗೆ ಚಪ್ಪಾಳೆ ಹೊಡೆಯುವುದೊಂದೇ ಬಾಕಿ.

ನಮ್ಮ ಆಡುಮಾತಿನಲ್ಲಿ ಈ ಮೋಸ ಇರಲಿಲ್ಲ. ನಮ್ಮ ಕಡೆ ಅಡಚಣಿ ಅನ್ನುತ್ತಾರೆ. ಅದು ಬಾಯಿಬಿಟ್ಟು ಹೇಳಿಕೊಳ್ಳುವ ಶಬ್ದ. "ಏನರ ಅಡಚಣಿ ಇದ್ರ ಹೇಳ್ರಿ ಕಾಕಾ" ಅಂತ ಎದುರಿನವರೇ ಕೇಳುತ್ತಾರೆ, "ಭಾಳ ಅಡಚಣ್ಯಾಗ ಇದ್ದೀನಪಾ" ಅಂತ ಒಬ್ಬ ಅಂದರೆ ಕೇಳಿಸಿಕೊಂಡವನು ಜೇಬು ಮುಟ್ಟಿ ನೋಡಿಕೊಳ್ಳಬೇಕು, ಇಲ್ಲವೇ ಇಲ್ಲ ಅಂತ ಮುಖಕ್ಕೆ ಹೇಳಬೇಕು. ಸುಮ್ಮನೆ ಶಹಬ್ಬಾಸ್ ಅನ್ನುವ ದಾರಿ ಇಲ್ಲ. ಇನ್ನೊಂದು, ಹರಕತ್ತು. "ನಾಳಿ ಬಂದ್ರ ಏನ್ ಹರಕತ್ತಿಲ್ಲ." ಇನ್ನೂ ಒಂದು, ಅಟಕಾಯಿಸು. ದಾರಿ ಅಟಕಾಯಿಸಿಕೊಂಡು ನಿಂತ ಅಂದರೆ ನಿಂತವನೊಬ್ಬ ಇದ್ದಾನೆ ಅಂತಾಯಿತು, ಅವನನ್ನು ಸರಿ ಅನ್ನಬಹುದು.

ಅಷ್ಟೇಕೆ, ವಿಘ್ನ ಅನ್ನಿ. ಗಣಪತಿ ಕೂಡಿಸಿದ ಯಾವ ಮಂಡಳಿಯವರಾದರೂ ವಿಘ್ನಗಳನ್ನು ಹಾರುವ ಶಕ್ತಿ ಕೊಡಪ್ಪಾ ಅಂತ ಕೇಳಿದ್ದು ಉಂಟೇ? ನಿವಾರಿಸು ಅಂತಲೇ ಕೇಳುವುದು. ಅವನ ವಿಶೇಷ ಇನ್ನೊಂದಿದೆ. ಮೊದಲು ಅವನನ್ನು ನೆನೆಯದಿದ್ದರೆ ವಿಘ್ನ ತಂದಿಡುವವನೂ ಅವನೇ, ತೆಗೆಯುವವನೂ ಅವನೇ. ಎರಡೂ ಖಾತೆ ಒಂದೇ ಕಡೆ ಇರುವುದರಿಂದ ಅರ್ಜಿ ಎಲ್ಲಿ ಕೊಡಬೇಕು ಅನ್ನುವ ಗೊಂದಲ ಇಲ್ಲ. ಸರ್ಕಾರದ ವಿಷಯದಲ್ಲಿ ನಮಗೆ ಈ ಸರಳ ತಿಳಿವಳಿಕೆ ಬರಲಿಲ್ಲ.

ಹಿಂದೊಮ್ಮೆ ನಾನಿದ್ದ ಒಂದು ಕಂಪನಿಯ ಎಚ್‌ಆರ್‌ನವರು ಆಂತರಿಕ ಪತ್ರಿಕೆಗೆ ನನ್ನ ಪಯಣ ಬರೆದುಕೊಡಿ ಅಂದರು. ನಮೂನೆಯೂ ಅವರದ್ದೇ. ಮೊದಲನೇ ಪ್ಯಾರಾ ಹಳ್ಳಿ, ಎರಡನೆಯದು ಹರ್ಡಲ್ಸ್, ಮೂರನೆಯದು ಕಂಪನಿ ನನಗೆ ಕೊಟ್ಟದ್ದು. ನಾನು ಎರಡನೇ ಪ್ಯಾರಾದಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ: ನಾನು ಯಾವುದನ್ನೂ ಹಾರಲಿಲ್ಲ, ಶಹಾಬಾದಿನಲ್ಲಿ ನಮ್ಮ ಕಾಕಾನ ಮನೆ ಇತ್ತು. ಕಾಕಾ ಫ್ಯಾಕ್ಟರಿ ನೌಕರ, ಕ್ವಾರ್ಟರ್ಸಿನಲ್ಲಿ ನಲ್ಲಿ ನೀರು, ಹೋಗದ ಕರೆಂಟು, ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ. ಹತ್ತನೇ ಕ್ಲಾಸ್ ಮುಗಿಯುತ್ತಲೇ ಅಪ್ಪ ನನ್ನನ್ನು ಅಲ್ಲಿಗೆ ಕಳಿಸಿದ. ನನ್ನದೇ ಕ್ಲಾಸಿನಲ್ಲಿ ಗಣಿತದಲ್ಲಿ ನನಗಿಂತ ಜೋರಿದ್ದ ಹುಡುಗಿಯೊಬ್ಬಳಿದ್ದಳು, ನನಗೆ ಬರದ ಲೆಕ್ಕ ನಾನು ಕೇಳುತ್ತಿದ್ದದ್ದು ಅವಳನ್ನೇ. ಅವಳಿಗೆ ಶಹಾಬಾದಿನಲ್ಲಿ ಕಾಕಾ ಇರಲಿಲ್ಲ. ಕಾಲೇಜು ಬಿಟ್ಟ ಮೇಲೆ ಊರಿಗೆ ಇದ್ದ ಬಸ್ಸು ಒಂದೇ, ಅದು ಊರು ಮುಟ್ಟುವಾಗ ಕತ್ತಲಾಗುತ್ತಿತ್ತು. ಫಸ್ಟ್ ಪಿಯುಸಿ ಅರ್ಧಕ್ಕೆ ಬಿಡಿಸಿದರು. ಅವಳಿಗೆ ಛಲ ಕಮ್ಮಿ ಇತ್ತೇ?

ಅಚ್ಚಾಗಿ ಬಂದಾಗ ಕಾಕಾ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಹರ್ಡಲ್ಸ್ ದಾಟಿದ ನಾನೊಬ್ಬನೇ ಇದ್ದೆ.

2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91 ದಾಟಿ ಮೊದಲ ಸ್ಥಾನದಲ್ಲಿತ್ತು, ನಮ್ಮ ಕಲಬುರಗಿ ಶೇ. 42ರ ಆಸುಪಾಸಿನಲ್ಲಿ ಕಟ್ಟಕಡೆ. ನೂರರಲ್ಲಿ ಐವತ್ತಕ್ಕಿಂತ ಹೆಚ್ಚು ಮಕ್ಕಳು ಒಂದೇ ಸಲಕ್ಕೆ ಛಲ ಕಳೆದುಕೊಂಡರು ಅಂತ ನಂಬಬೇಕಾದರೆ ಬಹಳ ಗಟ್ಟಿ ಎದೆ ಬೇಕು. ಒಂದು ಸಾಫ್ಟ್‌ವೇರಿಗೆ ಲಾಗಿನ್ ಆಗಲು ಬಂದ ನೂರು ಜನರಲ್ಲಿ ಐವತ್ತೆಂಟು ಜನಕ್ಕೆ ಆಗದಿದ್ದರೆ ನಾವು ಬಳಕೆದಾರರಿಗೆ ಮೋಟಿವೇಶನಲ್ ಭಾಷಣ ಮಾಡುತ್ತೇವೆಯೇ? ರಾತ್ರಿ ಎಬ್ಬಿಸಿ ಕೋಡ್ ನೋಡಿಸುತ್ತಾರೆ.

ಹಿಂದುಳಿದ ಅನ್ನುವುದು ಇದೇ ಜಾತಿಯ ಇನ್ನೊಂದು ಶಬ್ದ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಈ 39ರಲ್ಲಿವೆ. ವಾಡಿ, ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿನೊಳಗೇ ಇದ್ದವು. ವರದಿಯ ಮೇಲೆ ನನಗೆ ಗೌರವವಿದೆ, ಅಂಕಿ ಇಟ್ಟು ಮಾತಾಡಿದ ವರದಿ ಅದು. ತಕರಾರು ಕ್ರಿಯಾಪದದ ಮೇಲೆ. ಉಳಿ ಅಂದರೆ ತಾನಾಗಿ ಉಳಿಯುವುದು. ಎಲ್ಲರೂ ಹೊರಟಾಗ ಮೈಗಳ್ಳ ಒಬ್ಬ ಹಿಂದುಳಿದ ಹಾಗೆ. ಉಳಿಸು ಅಂತ ಇನ್ನೊಂದು ರೂಪ ಕನ್ನಡದಲ್ಲಿದೆ. ಹಿಂದೆ ಉಳಿಸಿದ ತಾಲ್ಲೂಕು ಅಂತ ಬರೆದಿದ್ದರೆ ಓದುವವನು ಯಾರು ಉಳಿಸಿದ್ದು ಅಂತ ಕೇಳಲೇಬೇಕಾಗುತ್ತಿತ್ತು. ಒಂದೇ ಒಂದು ಸು.

ಯಾರು ಅನ್ನುವ ಪ್ರಶ್ನೆಗೆ ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಸ್ವಲ್ಪ ಉತ್ತರ ಸಿಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ಅಂದರೆ ನಮ್ಮ ಕಡೆ ರೈಲು ನಿನ್ನೆ ಮೊನ್ನೆ ಬಂದದ್ದಲ್ಲ. ಈಗ ನೋಡಿ: ವಾಡಿಯಿಂದ ಕಲಬುರಗಿ ಕಡೆಯ ಹಳಿ ಸೊಲ್ಲಾಪುರ ವಿಭಾಗದ್ದು, ಚಿತ್ತಾಪುರ-ಸೇಡಂ ಕಡೆಯದು ಸಿಕಂದರಾಬಾದ್ ವಿಭಾಗದ್ದು, ರಾಯಚೂರು ಕಡೆಯದು ಗುಂತಕಲ್ ವಿಭಾಗದ್ದು. ಮೂರು ಕಚೇರಿ, ಮೂರು ರಾಜ್ಯ, ಒಂದೂ ಕರ್ನಾಟಕದ್ದಲ್ಲ. ಸೇಡಂನವನು ಬೆಂಗಳೂರಿಗೆ ಹೋಗಲು ವಾಡಿಗೆ ಬಂದು ಗಾಡಿ ಬದಲಿಸುವಾಗ ಒಂದು ವಿಭಾಗದ ಪ್ಯಾಸೆಂಜರ್ ತಡವಾಗಿ ಇನ್ನೊಂದರ ಎಕ್ಸ್‌ಪ್ರೆಸ್ ತಪ್ಪಿದರೆ ಯಾರನ್ನು ಕೇಳುವುದು? ಬೇರೆ ಬೇರೆ ಟೀಮುಗಳ ಮಧ್ಯೆ ಸಿಕ್ಕಿಕೊಂಡ ಫೀಚರಿನ ಪಾಡು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಅದಕ್ಕೇ ಕಲಬುರಗಿಯಲ್ಲೊಂದು ವಿಭಾಗ ಬೇಕು ಅಂತ ಜನ ಕೇಳಿದ್ದು. 2014ರಲ್ಲಿ ಘೋಷಣೆಯಾಯಿತು. ಹತ್ತು ವರ್ಷ ದಾಟಿತು, ಟಿಕೆಟ್ ಇನ್ನೂ ಓಪನ್. ಬೀದರ್-ಕಲಬುರಗಿಯ 110 ಕಿಲೋಮೀಟರ್ ಹಳಿಗೆ 20 ವರ್ಷ ಹಿಡಿದು 2017ರಲ್ಲಿ ರೈಲು ಓಡಿತು, ಹಾಗಾಗಿ ಆಸೆ ಬಿಟ್ಟಿಲ್ಲ ಅನ್ನಿ.

ನನಗೆ ನಿಜಕ್ಕೂ ಉರಿಯುವುದು ಬೇರೆ ಕಡೆ. ಹರ್ಡಲ್ಸ್ ಕಥೆಗೆ ಕಣ್ಣೀರು ಹಾಕಿ ಚಪ್ಪಾಳೆ ಹೊಡೆದವರೇ 371(ಜೆ) ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ. "ನಿಮಗೇನಪ್ಪ, ಕೋಟಾ ಇದೆ." ಊಟದ ಮೇಜಿನಲ್ಲಿ ಇದನ್ನು ನಗುತ್ತಲೇ ಹೇಳುತ್ತಾರೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ, 2012ರ ಕೊನೆಗೆ ಸಂಸತ್ತು ಒಪ್ಪಿ, 98ನೇ ತಿದ್ದುಪಡಿಯಾಗಿ ಬಂದದ್ದು ಅದು. ನಮ್ಮ ಕಡೆಯ ಕಾಲೇಜುಗಳಲ್ಲಿ ನಮ್ಮವರಿಗೆ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8. ಹಳೇ ಹೈದರಾಬಾದ್ ಸಂಸ್ಥಾನದಿಂದಲೇ ಆಂಧ್ರಕ್ಕೆ ಹೋದ ತೆಲಂಗಾಣದವರಿಗೂ ಸೇರಿ 371(ಡಿ) ಬಂದದ್ದು 1973ರ ತಿದ್ದುಪಡಿಯಲ್ಲಿ. ಅದೇ ಸಂಸ್ಥಾನದಿಂದ 1956ರಲ್ಲಿ ಇತ್ತ ಬಂದ ಬೀದರ್, ಗುಲ್ಬರ್ಗ, ರಾಯಚೂರಿನವರು ಅದಾದ ಮೇಲೆ 39 ವರ್ಷ ಕಾದರು. ಇಂಥ ಕಾಯುವಿಕೆಗೆ ಯಾರೂ ಪದಕ ಕೊಡಲಿಲ್ಲ.

ಹಾರಿದರೆ ಶಹಬ್ಬಾಸ್, ಹಾರುವುದು ಬೇಡ, ಅಡ್ಡ ಇಟ್ಟದ್ದನ್ನು ಸ್ವಲ್ಪ ಸರಿಸಿ ಅಂದರೆ ಅನ್ಯಾಯ. ಇದು ಎಂಥ ಪ್ರೀತಿ? ನನ್ನ ಬಡತನದ ಕಥೆ ಇವರಿಗೆ ಬೇಕು, ಆ ಕಥೆ ಮುಂದಿನವರಿಗೆ ಇಲ್ಲದಂತೆ ಮಾಡುವ ಕಾನೂನು ಬೇಡ. ಸಿನಿಮಾ ನೋಡಿ ಅತ್ತು ಹೊರಗೆ ಬಂದು ಪಾರ್ಕಿಂಗಿನವನ ಹತ್ತಿರ ಹತ್ತು ರೂಪಾಯಿಗೆ ಜಗಳವಾಡುವವರು ನೆನಪಾಗುತ್ತಾರೆ.

ಒಂದು ಮರುಮಾತು ಬಂದೇ ಬರುತ್ತದೆ, ಅದು ಸುಳ್ಳೂ ಅಲ್ಲ. ನಿಮ್ಮ ಜಿಲ್ಲೆಯ ನಾಯಕರೇನು ಮಾಡಿದರು? ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿ, ಜೇವರ್ಗಿಯ ಧರ್ಮಸಿಂಗರು ಒಂದು ಸಲ. ರೈಲ್ವೆ ಮಂತ್ರಿಗಿರಿಯೂ ಬಂದಿತ್ತು. ರಾಜ್ಯದ ಐಟಿ-ಬಿಟಿ ಖಾತೆ ಚಿತ್ತಾಪುರದ ಶಾಸಕರಿಗೆ ಎರಡು ಸಲ ಸಿಕ್ಕಿದೆ, ಚಿತ್ತಾಪುರದ ಬಿಇ ಮುಗಿಸಿದ ಹುಡುಗ ಈಗಲೂ ವಾಡಿಗೆ ಬಂದು ಬೆಂಗಳೂರಿನದೋ ಹೈದರಾಬಾದಿನದೋ ರೈಲು ಹತ್ತುತ್ತಾನೆ. ಒಪ್ಪಿದೆ, ಕೇಳೋಣ. ಆದರೆ ಗಮನಿಸಿ, ಹೀಗೆ ಹೆಸರು ಹಿಡಿದು ಕೇಳಲು ಸಾಧ್ಯವಾಗುವುದು ಅದನ್ನು ಬ್ಲಾಕರ್ ಅಂತ ಬರೆದಾಗಲೇ. ಹರ್ಡಲ್ ಅಂದುಬಿಟ್ಟರೆ ಮಂತ್ರಿಗೂ ಆರಾಮ. ಅವರೂ ಬಂದು ಹಾರಿದವನಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಇನ್ನು, ಎಲ್ಲದಕ್ಕೂ ಬೇರೆಯವರತ್ತ ಬೆರಳು ಮಾಡಿದರೆ ಸ್ವಂತ ಪ್ರಯತ್ನ ಎಲ್ಲಿ ಅನ್ನುವವರಿಗೆ ಎರಡೇ ಮಾತು. ಆಕ್ಸೆಸ್ ಕೇಳಿದ ಇಂಜಿನಿಯರನ್ನು ಸೋಮಾರಿ ಅನ್ನುವುದಿಲ್ಲ. ಕೆಲಸ ಮಾಡುವವನೇ ಕೇಳುವುದು.

ಹೋದ ಚಳಿಗಾಲ ನಮ್ಮ ಕಡೆಯ ಒಂದು ಡಿಗ್ರಿ ಕಾಲೇಜಿನವರು ಮಾತಾಡಲು ಕರೆದಿದ್ದರು. ಬ್ಯಾನರಿನಲ್ಲಿ ಆಗಲೇ ಅಚ್ಚಾಗಿತ್ತು, ಹರ್ಡಲ್ಸ್ ದಾಟುವುದು ಹೇಗೆ ಅಂತ. ನಾನು ಭಾಷಣ ಬಿಟ್ಟು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ಹೆಸರು ಬೇಡ, ನಿಮ್ಮ ಓದಿಗೆ ಅಟಕಾಯಿಸಿಕೊಂಡು ನಿಂತದ್ದು ಏನು, ಅದನ್ನು ತೆಗೆಯಬೇಕಾದವರು ಯಾರು, ಎರಡೇ ಸಾಲು ಬರೆಯಿರಿ ಅಂದೆ. ಬಡತನ, ಹಣೆಬರಹ ಅಂತೆಲ್ಲ ಬರೆದಾರು ಅಂದುಕೊಂಡಿದ್ದವರಿಗೆ ಬಂದ ಚೀಟಿಗಳು ಬೇರೆಯೇ ಇದ್ದವು. ಮೂರೂವರೆಯ ಬಸ್ಸು ಕೊನೇ ಪಿರಿಯಡ್ ಮುಗಿಯುವ ಮೊದಲೇ ಹೋಗುತ್ತದೆ, ಡಿಪೊ. ಲೈಬ್ರರಿ ಬೀಗ, ಗುಮಾಸ್ತರು. ಸ್ಕಾಲರ್‌ಶಿಪ್ ಅರ್ಜಿಗೆ ಆಧಾರ್ ಜೋಡಣೆ ಆಗಿಲ್ಲ, ಬ್ಯಾಂಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ಪ್ರಿನ್ಸಿಪಾಲರು. ಕೊನೆಯದನ್ನು ಓದುವಾಗ ಪ್ರಿನ್ಸಿಪಾಲರು ಪಕ್ಕದಲ್ಲೇ ಕೂತಿದ್ದರು. ಪಾಪ, ಒಳ್ಳೆಯ ಮನುಷ್ಯರು, "ಅದು ನಂದೇ ಬಿಡ್ರಿ, ಬರಕೋರಿ" ಅಂದರು.

ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಇಳಿಸಿದೆವು. ಎದುರಿಗೆ ಹೆಸರು, ತಾರೀಕು. ಇಬ್ಬರು ಹುಡುಗಿಯರು ಅದನ್ನು ನೋಡಿಕೊಳ್ಳುತ್ತಿದ್ದಾರೆ. ಶೌಚಾಲಯಕ್ಕೆ ನೀರು ಮರುವಾರ ಬಂತು. ಬಸ್ಸಿಗೆ ಡಿಪೊ ಮ್ಯಾನೇಜರು ಎರಡು ಅರ್ಜಿ ಕಳೆದುಕೊಂಡು ಮೂರನೆಯದಕ್ಕೆ ಸಮಯ ಬದಲಿಸಿದರು, ಈಗ ನಾಲ್ಕು ಇಪ್ಪತ್ತಕ್ಕೆ ಬಿಡುತ್ತದೆ. ಲೈಬ್ರರಿಯ ಬೀಗ ಹಾಗೇ ಇದೆ. ತಿಂಗಳ ಮೊದಲ ಶನಿವಾರ ನಾನು ಫೋನ್ ಮಾಡುತ್ತೇನೆ. ಹೋದ ಸಲ ಆ ಹುಡುಗಿ, "ಸರ್, ಲೈಬ್ರರಿದು ಎಸ್ಕಲೇಟ್ ಮಾಡೀವಿ" ಅಂದಳು.